ಎಣ್ಣೆ ಅರವತ್ತಕ್ಕಿಳಿದ ಮೇಲೆ

ಕುದೂರು
25-5-2025, ಭಾನುವಾರ

ಯಜಮಾನರಾದ ಕೆಂಪರಾಜು ಅವರಿಗೆ ಪ್ರತಿಮಾಳ ನಮಸ್ಕಾರ.

ಹೆಂಗಿದ್ದೀರಿ? ಇಲ್ಲಿ ಅತ್ತೆ, ಸಿರಿ, ನಾನು, ಎರಡು ಹಸು ಎಲ್ಲಾರೂ ಚೆನ್ನಾಗಿದ್ದೀವಿ. ಕಾಗದ ತಡ ಆಯ್ತು, ಬೈಕೋಬೇಡಿ. ರೇಷ್ಮೆ ಹುಳ ಕೊನೇ ಜ್ವರದಿಂದ ಎದ್ದು, ಪೊರೆ ಬುಟ್ಟು, ಸೊಪ್ಪಿಗೆ ಬಾಯಿ ಬುಡ್ತಿದ್ವು, ಕೊಯ್ಯೋದು ಹಾಕೋದು ಅದೇ ಆಗೋಯ್ತು. ಫೋನಿರುವಾಗ ಕಾಗದ ಯಾಕೆ ಅಂತೀರೇನೋ. ಫೋನಲ್ಲಿ ನೀವು ‘ಹ್ಞೂಂ, ಊಟ ಆಯ್ತಾ, ಅವ್ವ ಹೆಂಗವ್ಳೆ, ಇಡ್ಲಾ’ ಅಂತ ನಾಲ್ಕು ಮಾತಾಡಿ ಇಟ್ಬುಡ್ತೀರಿ. ಎಣ್ಣೆ ಬಾವಿ ಹತ್ರ ಮೊಬೈಲ್ ತರಂಗಿಲ್ಲ ಅನ್ನೋ ನೆಪ ಬೇರೆ. ಕಾಗದ ಆದ್ರೆ ನಾನು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಬೇಕು, ಮಧ್ಯೆ ಇಡಂಗಿಲ್ಲ.

ಮೊದ್ಲು ನೀವೂ ಬರೀತಿದ್ರಿ ಕಣ್ರೀ. ಬೋರ್‌ವೆಲ್ ಲಾರಿ ಜೊತೆ ಸೇಲಂ, ಅನಂತಪುರ ಅಂತ ತಿರುಗ್ತಿದ್ದಾಗ ನಿಮ್ಮ ಇನ್‌ಲ್ಯಾಂಡ್ ಲೆಟರ್ ಬರೋದು, ಬಿಚ್ಚಿದ್ರೆ ಡೀಸೆಲ್ ವಾಸನೆ. ‘ಇಲ್ಲಿ ಮುನ್ನೂರು ಅಡಿಗೆ ನೀರು ಬಂತು, ನಿನ್ನ ನೆನಪೂ ಬಂತು’ ಅಂತ ಒಂದ್ಸಾರಿ ಬರೆದಿದ್ರಿ. ಹಿತ್ತಿಲಿಗೆ ಹೋಗಿ ಓದ್ಕೊಂಡು ನಗ್ತಿದ್ದೆ. ಅತ್ತೆ ಬಂದು ‘ಏನವ್ವ, ಒಬ್ಳೇ ನಗ್ತಿದ್ದೀಯ, ಮೈಗೆ ಹುಷಾರಿಲ್ವಾ’ ಅಂದ್ರು. ಆಮೇಲೆ ನೀವೇ ಬರೋರು, ತಲೆ, ಹುಬ್ಬು, ಮೀಸೆ ಎಲ್ಲಾ ಕಲ್ಲಿನ ಪುಡಿ ಮೆತ್ಕೊಂಡು. ಮದುವೆಯಾಗಿ ಮೂರು ತಿಂಗಳಿಗೆ ಗಂಡ ಮುದುಕ ಆಗಿ ಬಂದ ಅಂತ ನಾನು ಹಂಗೇ ನಿಂತ್ಕೊಂಡಿದ್ದೆ. ಹಂಡೆ ನೀರು ಪೂರ್ತಿ ಹುಯ್ದ ಮೇಲೆ ಒಳಗಿಂದ ನೀವು ಬಂದ್ರಿ. ಆವತ್ತು ಎಷ್ಟು ಸಂತೋಷ ಆಗಿತ್ತು ಅಂದ್ರೆ, ಈಗ ಹೇಳಿದ್ರೆ ಸಿರಿ ನಗ್ತಾಳೆ.

ಗುಜರಾತಿಗೆ ಹೊರಟಾಗ ನಾನು ಬ್ಯಾಡ ಅಂದೆ. ನೀರಿನ ಬಾವಿ ಸಾಕಾಗಿ ಎಣ್ಣೆ ಬಾವಿಗೆ ಹೋಯ್ತೀರಾ ಅಂತ ಜಗಳ ಆಡಿದ್ದೆ. ಮೊದಲ ಸಾರಿ ರಜಕ್ಕೆ ಬಂದಾಗ ನೀವು ಜಗುಲಿ ಮೇಲೆ ಕೂತು, ಅತ್ತೆಗೆ ಅರ್ಥ ಆಗ್ಲಿ ಅಂತ ಬಿಡಿಸಿ ಹೇಳಿದ್ದು ನನಗೆ ಈಗ್ಲೂ ಕಿವಿಲೈತೆ. ‘ದೊಡ್ಡ ಕಂಪನಿಯೋರು ತಗೊಳ್ಳೋವಷ್ಟು ತಗೊಂಡು ಬುಟ್ಟೋಗಿರೋ ಬಾವಿ ಕಣವ್ವ. ನಮ್ಮ ಕಂಪನಿ ಚಿಕ್ಕದು. ಮಡಕೆ ತಳ ಕೆರ್ಕೊಂಡು ತಿಂದಂಗೆ. ಬರೋದ್ರಲ್ಲಿ ಮುಕ್ಕಾಲು ನೀರೇ. ಆ ನೀರು ಬೇರೆ ಮಾಡ್ಬೇಕು, ಕರೆಂಟು ಕಟ್ಬೇಕು, ಮಿಕ್ಕ ಎಣ್ಣೇನ ಟ್ಯಾಂಕರ್‌ನಲ್ಲಿ ಸಾಗಿಸ್ಬೇಕು. ಎಣ್ಣೆ ಪೀಪಾಯಿಗೆ ಅರವತ್ತು ಡಾಲರ್‌ಗಿಂತ ಕೆಳಕ್ಕೋದ್ರೆ ಗಂಟುಮೂಟೆ ಕಟ್ಕೊಂಡು ಮನೆಗೆ ಬರೋದೇ.’ ಪಂಪು ತಾತನ ಕಾಲದ ಏತದಂಗೆ ತಲೆ ಆಡಿಸ್ತೈತೆ ಅಂತ ಕೈಯಲ್ಲಿ ತೋರಿಸಿದ್ರಿ. ಅತ್ತೆ ಏತ ನೋಡ್ದಂಗೇ ಖುಷಿಪಟ್ರು. ನಾನು ಮಾತ್ರ ಅರವತ್ತು ಅನ್ನೋದನ್ನ ಸೆರಗಿಗೆ ಗಂಟು ಹಾಕ್ಕೊಂಡೆ.

ಅವತ್ತಿಂದ ನಮ್ಮನೇಲಿ ಗೂಡಿನ ರೇಟಿಗಿಂತ ಮುಂಚೆ ಎಣ್ಣೆ ರೇಟು ನೋಡೋದು. ಕೊರೊನಾದಲ್ಲಿ ನೆಲ ಕಚ್ಚಿತು, ಆದ್ರೆ ರೈಲೇ ಇರ್ಲಿಲ್ಲ. ಆಮೇಲೆ ನೂರು ದಾಟ್ತು, ‘ಹೊಸದಾಗಿ ಎರಡು ಬಾವಿ ತೆಗೀತಾವ್ರೆ, ಈಗ ಹೆಂಗೆ ಬುಟ್ಟು ಬರ್ಲಿ’ ಅಂದ್ರಿ. ಒಸಿ ಇಳೀತು. ‘ಪಂಪ್ ನಿಲ್ಲಿಸಿದ್ರೆ ಪೈಪಲ್ಲಿ ಮೇಣ ಕಟ್ಟಿ ಬಾವಿ ಸತ್ತೋಯ್ತದೆ, ನಷ್ಟ ಆದ್ರೂ ಓಡಿಸ್ಬೇಕು’ ಅಂದ್ರಿ. ನನಗೆ ರೇಗೋಯ್ತು. ಸಾವನದುರ್ಗಕ್ಕೆ ಹೋದವಳೇ ನರಸಿಂಹಸ್ವಾಮಿ ಮುಂದೆ ನಿಂತು, ಎಣ್ಣೆ ಅರವತ್ತಕ್ಕಿಳೀಲಿ, ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತೆ. ನಗಬೇಡಿ. ಮಕ್ಕಳಾಗ್ಲಿ, ಮದುವೆಯಾಗ್ಲಿ ಅಂತ ಬೇಡೋರ ಮಧ್ಯೆ ನಂದೊಂದು ಇಂಥದ್ದು.

ಈ ತಿಂಗಳ ಮೊದಲಲ್ಲಿ ಸಿರಿ ಮೊಬೈಲ್ ಹಿಡ್ಕೊಂಡು ಓಡಿ ಬಂದ್ಲು. ‘ಅಮ್ಮ, ಅರವತ್ತರ ಕೆಳಗೆ ಹೋಯ್ತು.’ ಒಲೆ ಮೇಲೆ ಮುದ್ದೆಗೆ ಎಸರಿಟ್ಟಿದ್ದೆ, ಅದನ್ನ ಮರ್ತೇಬುಟ್ಟೆ. ‘ನಿನ್ನೊಬ್ಬಳ ಹರಕೆಗೆ ಪ್ರಪಂಚದ ಎಣ್ಣೆಯೆಲ್ಲ ಇಳೀತಾ’ ಅಂತ ಸಿರಿ ಗೇಲಿ ಮಾಡಿದ್ಲು. ಮಾಡ್ಕೊಳ್ಲಿ. ಮಾರನೇ ವಾರ ಅತ್ತೆಯನ್ನ ಜೊತೆಗೆ ಕರ್ಕೊಂಡು ಹೋಗಿ ಮುಡಿ ಕೊಟ್ಟು ಬಂದೆ. ಸೊಂಟ ಮುಟ್ಟೋ ಕೂದ್ಲು, ನೀವು ಹಿಂದಿನಿಂದ ಬಂದು ಎಳೀತಿದ್ದ ಜಡೆ. ತಲೆಗೆ ಗಾಳಿ ಬೀಸಿದ್ರೆ ಯಾರೋ ಕೈ ಇಟ್ಟಂಗಾಗ್ತೈತೆ. ಬಂದಾಗ ನೋಡಿ ಹೆದರ್ಕೋಬೇಡಿ ಅಂತ ಮೊದಲೇ ಹೇಳ್ತಿದ್ದೀನಿ.

ಬಸ್ಸಲ್ಲಿ ವಾಪಸ್ ಬರ್ತಾ ಮಾಗಡಿ ಹತ್ರ ಅತ್ತೆ ಮೆಲ್ಲಗೆ ಬಾಯಿ ಬಿಟ್ರು. ‘ಪ್ರತಿಮಾ, ಬೈಬ್ಯಾಡ ಕಣವ್ವ. ಹೋದ ವರ್ಷ ನಾನೂ ಅದೇ ಸ್ವಾಮಿಗೆ ಹರಕೆ ಹೊತ್ತಿದ್ದೆ. ಎಣ್ಣೆ ರೇಟು ಇಳೀದಿರ್ಲಿ, ನಮ್ ರಾಜನ ಕೆಲ್ಸ ನಿಲ್ದಿರ್ಲಿ ಅಂತ.’ ನನಗೆ ಸಿಟ್ಟು ಬರ್ಬೇಕಿತ್ತು, ನಗು ಬಂತು. ಒಂದೇ ಮನೆಯ ಇಬ್ಬರು ಹೆಂಗಸರು ಒಬ್ಬಳು ಏರ್ಲಿ, ಒಬ್ಬಳು ಇಳೀಲಿ ಅಂದ್ರೆ ಆ ಸ್ವಾಮಿ ಏನ್ ಮಾಡ್ಬೇಕು ಹೇಳಿ. ಕಂಡಕ್ಟರ್ ತಿರುಗಿ ತಿರುಗಿ ನೋಡೋವಷ್ಟು ನಕ್ಕು, ಆಮೇಲೆ ಇಬ್ರೂ ಕಣ್ಣು ಒರೆಸ್ಕೊಂಡ್ವಿ.

ಮಂಗಳವಾರ ಗೂಡು ತಗೊಂಡು ರಾಮನಗರಕ್ಕೆ ಹೋಗಿದ್ದೆ. ಮಾರ್ಕೆಟ್‌ನಲ್ಲಿ ನಮ್ಮ ಗೂಡು ಕೊಳ್ಳೋ ಸನಾವುಲ್ಲಾ ಸಾಬರು ಸಿಕ್ಕಿದ್ರು, ಈಗ್ಲೂ ನಾಲ್ಕೇ ಜನ ಇಟ್ಕೊಂಡು ರೇಷ್ಮೆ ನೂಲು ತೆಗೆಸ್ತಾವ್ರೆ. ನಿಮ್ಮ ಎಣ್ಣೆ ಬಾವಿ ಕತೆ ಹೇಳಿದೆ. ‘ಸಣ್ಣೋರ ಹಣೆಬರಹ ಎಲ್ಲಾ ಕಡೆ ಒಂದೇ ಕಣಮ್ಮ. ರೇಟು ಬಿದ್ರೆ ದೊಡ್ಡೋರು ಬಾಗ್ಲಾಕ್ಕೊಂಡು ಆರು ತಿಂಗಳು ಮಲಗ್ತಾರೆ. ನಾವು ಗೂಡು ಬೇಯಿಸೋ ಒಲೆ ಆರಿಸಿದ್ರೆ ಕೆಲಸದೋರು ಬೇರೆ ಕಡೆ ಹೊಂಟೋಯ್ತಾರೆ, ಮತ್ತೆ ಹಚ್ಚೋಕಾಗಲ್ಲ. ಅದಕ್ಕೇ ಲಾಸಲ್ಲೂ ಓಡಿಸ್ತೀವಿ’ ಅಂದ್ರು. ನೀವು ಹೇಳಿದ್ದೂ ಅದೇ ಅಲ್ವಾ? ಅವರ ಬಾಯಲ್ಲಿ ಕೇಳಿದಾಗ ಒಸಿ ಅರ್ಥ ಆಯ್ತು, ನಿಮ್ಮ ಮೇಲಿನ ಸಿಟ್ಟು ಅರ್ಧ ಇಳೀತು.

ಮನೇಲಿ ಎಲ್ಲಾ ತಯಾರೈತೆ. ರಸಪುರಿ ಮಾವು ಹಣ್ಣಾಗಿ ಅಟ್ಟ ಎಲ್ಲಾ ಘಮ್ ಅಂತೈತೆ. ನಿಮ್ಮ ಮಂಚದ ನವಾರು ಬಿಗಿಸಿದ್ದೀನಿ. ಪಕ್ಕದ ಬೋರಲಿಂಗಯ್ಯನೋರ ತ್ವಾಟದ ಮೋಟ್ರು ಕೆಟ್ಟು ಹದಿನೈದು ದಿನ ಆಯ್ತು, ರಿಪೇರಿಯೋರನ್ನ ಕರೆಸ್ದೆ ‘ಕೆಂಪರಾಜು ಬತ್ತಾನಂತಲ್ಲ, ಅವನೇ ಎತ್ಲಿ’ ಅಂತ ಕೂತವ್ರೆ. ಸಿರಿ ಕಾಲೇಜಿನ ಅರ್ಜಿಗೆ ‘ಅಪ್ಪನೇ ಬಂದು ಸಹಿ ಹಾಕ್ಲಿ’ ಅಂತಾಳೆ. ಅತ್ತೆ ನಿಮಗೆ ಆಶೀರ್ವಾದ ಹೇಳವ್ರೆ, ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಕೊ ಅಂದವ್ರೆ. ಆ ಸ್ವಾಮಿ ನಿಮ್ಮನ್ನ ಎಲ್ಲಿದ್ರೂ ಚೆನ್ನಾಗಿಟ್ಟಿರ್ಲಿ.

ಇಂತಿ ನಿಮ್ಮ
ಪ್ರತಿಮಾ

ತಾ.ಕ.: ಕಾಗದ ಮಡಿಚಿ ಅಂಟಿಸೋಕೆ ಹೋದೆ, ಕೈ ಬರ್ಲಿಲ್ಲ. ಅವತ್ತು ಮಾರ್ಕೆಟ್‌ನಲ್ಲಿ ಸಾಬರ ಪಕ್ಕ ಅವರ ತಂಗಿ ಮಗ ಶಾಹಬಾಜ್ ನಿಂತಿದ್ದ. ನೀವೇ ಕರ್ಕೊಂಡೋಗಿ ನಿಮ್ಮ ಕಂಪನಿಗೆ ಸೇರಿಸಿದ ಶಾಹಬಾಜ್. ನನ್ನ ಬೋಳುತಲೆ ನೋಡಿ ಗಾಬರಿಯಾದ, ನಾನು ಹರಕೆ ಅಂದೆ. ಅಣ್ಣ ಯಾವಾಗ ಹೊರಡ್ತಾರಪ್ಪಾ ಅಂತ ಕೇಳಿದೆ. ಅವನು ನೆಲ ನೋಡ್ಕೊಂಡು ಹೇಳ್ದ. ‘ಅಣ್ಣ ನಿಮಗೆ ಹೇಳಿಲ್ವಾ ಅಕ್ಕ? ಬಾವಿ ಎಲ್ಲಾ ನಿಲ್ಲಿಸಿ ಎರಡು ವಾರ ಆಯ್ತು. ಎಲ್ಲಾರ್ಗೂ ಟಿಕೆಟ್ ಕೊಟ್ಟು ಕಳಿಸಿದ್ರು. ಕಾವಲಿಗೆ ಆ ಊರೋನೇ ಒಬ್ಬ ಒಪ್ಕೊಂಡಿದ್ದ. ಅಣ್ಣನೇ ಮ್ಯಾನೇಜರ್ ಹತ್ರ ಹೋಗಿ, ಅರ್ಧ ಸಂಬಳ ಸಾಕು, ನಾನಿರ್ತೀನಿ ಅಂತ ಕೇಳ್ಕೊಂಡ್ರು.’ ಯಾಕಂತೆ ಅಂದೆ. ‘ಗೊತ್ತಿಲ್ಲ ಅಕ್ಕ. ನಿಂತೋದ ಪಂಪಿನ ಮುಂದೆ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ’ ಅಂದ.

ನೀವಾಗೇ ಹೇಳ್ತೀರೇನೋ ಅಂತ ಕಾದೆ. ಗುರುವಾರ ಫೋನ್ ಮಾಡಿದ್ರಲ್ಲ, ‘ಪಂಪ್ ಓಡ್ತಾ ಐತೆ, ಇಡ್ತೀನಿ’ ಅಂದ್ರಿ. ಆಮೇಲೆ ನನಗೆ ಅನ್ನ ಸೇರಿಲ್ಲ. ಅತ್ತೆಗೆ, ಸಿರಿಗೆ ಹೇಳಿಲ್ಲ. ಕಾಯಿಲೆಯೋ, ಬೇರೆ ಯಾರಾದ್ರೂ ಇದ್ದಾರೋ, ಇಲ್ಲ ನಮ್ಮ ಮುಖವೇ ಬ್ಯಾಡ ಅನಿಸಿದೆಯೋ, ಏನಿದ್ರೂ ತಡ್ಕೋತೀನಿ, ರೇಟಿನ ಮಾತು ಮಾತ್ರ ಇನ್ನು ಆಡಬೇಡಿ. ಆರು ವರ್ಷದಿಂದ ನಾನು ಎಣ್ಣೆ ಜೊತೆ ಜಗಳ ಆಡ್ತಿದ್ದೆ ಕಣ್ರೀ. ಆಡಬೇಕಾಗಿದ್ದಿದ್ದು ನಿಮ್ಮ ಜೊತೆ. ಬನ್ನಿ, ಎದುರಿಗೆ ಕೂತು ಆಡೋಣ.