ಕಡಲಹೂವಿನ ತಾಯಿಗೆ ಇರುವ ಹಕ್ಕು

ವಾಸದ ಪರವಾನಗಿ ಮತ್ತು ಗಡಿ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಮಗಳು ಜುಮಾನಾ ಬರುವ ತಿಂಗಳು ದೇಶ ಬಿಟ್ಟು ಹೋಗಬೇಕೆಂದು ತಾವು ಆಜ್ಞೆ ಮಾಡಿದ್ದೀರಿ. ಆಕೆ ಹುಟ್ಟಿದ್ದು ಇದೇ ಸೂರ್ ಪಟ್ಟಣದಲ್ಲಿ, ನನ್ನ ಹೊಟ್ಟೆಯಲ್ಲಿ. ನಾನೂ ಇಲ್ಲಿಯವಳೇ, ನನ್ನ ತಾಯಿಯೂ ಇಲ್ಲಿಯವಳೇ. ಆದರೆ ಆಕೆಯ ಅಪ್ಪ ಈಜಿಪ್ಟಿನ ಪೋರ್ಟ್ ಸಯೀದ್‌ನಿಂದ ಬಂದ ದೋಣಿ ರಿಪೇರಿಯವರು. ಪೌರತ್ವ ಅಪ್ಪನಿಂದ ಮಾತ್ರ ಬರುವ ನಮ್ಮ ಕಾನೂನಿನಲ್ಲಿ ಅಷ್ಟಕ್ಕೇ ಆಕೆ ಪರದೇಶದವಳಾದಳು. ಇಷ್ಟು ವರ್ಷ ತನ್ನ ಸ್ವಂತ ಮನೆಯಲ್ಲಿ ‘ಸೌಜನ್ಯದ ಪರವಾನಗಿ’ಯ ಮೇಲೆ ಬದುಕಿದಳು. ಹೌದು, ಇಲಾಖೆ ಅದಕ್ಕಿಟ್ಟ ಹೆಸರೇ ಅದು. ನಾನು ಮಗುವಿಗೆ ಹಾಲು ಕುಡಿಸುವಾಗ ಪಕ್ಕದಲ್ಲಿ ತಮ್ಮ ಸೌಜನ್ಯವೂ ಕೈಕಟ್ಟಿ ನಿಂತಿತ್ತೆಂದು ನನಗಾದರೂ ಹೇಗೆ ತಿಳಿಯಬೇಕು? ಈಗ ಆಕೆಯ ನರ್ಸಿಂಗ್ ಓದು ಮುಗಿದಿದೆ, ಅದರ ಜೊತೆಗೇ ಸೌಜನ್ಯವೂ ಮುಗಿದಿದೆ.

ನನ್ನ ಕಸುಬು ತಮಗೆ ಗೊತ್ತಿಲ್ಲದ್ದೇನಲ್ಲ. ಬಂಡೆಗಳಿಗೆ ಅಂಟಿಕೊಂಡು ಬದುಕುವ, ಕಣ್ಣಿಗೆ ಹೂವಿನಂತೆ ಕಂಡರೂ ಪ್ರಾಣಿಗಳೇ ಆದ ಕಡಲಹೂವುಗಳಲ್ಲಿ ಯಾವುದು ಯಾವುದಕ್ಕೆ ನೆಂಟ ಎಂದು ಹುಡುಕುತ್ತೇನೆ. ಅವುಗಳ ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಆ ಒಲೆಗಳಿಗೆ ತಮ್ಮದೇ ಒಂದು ಪ್ರತ್ಯೇಕ ಜೀನೋಮ್, ಎಂದರೆ ವಂಶದ ಬರಹ ಇದೆ, ಅದು ತಾಯಿಯ ಕಡೆಯಿಂದ ಬರುವ ಬಳುವಳಿ. ಅದನ್ನು ಓದುತ್ತಾ ಹೋದರೆ ತಾಯಿಯ ತಾಯಿ, ಅವಳ ತಾಯಿ ಎಂದು ಬಹುದೂರ ಜಾಡು ಹಿಡಿಯಬಹುದು. ಕಡಲಹೂವಿನಲ್ಲಿ ಈ ಬರಹ ಬದಲಾಗುವುದು ಎಷ್ಟು ನಿಧಾನವೆಂದರೆ, ತಮ್ಮ ಕಚೇರಿಗೆ ಕಾಲಿಡುವವರೆಗೂ ಅದಕ್ಕಿಂತ ನಿಧಾನವಾದದ್ದು ಲೋಕದಲ್ಲಿ ಇಲ್ಲವೆಂದೇ ನಂಬಿದ್ದೆ. ಅದರ ಒಂದು ಜೀನಿನ ನಡುವೆ ಎಲ್ಲಿಂದಲೋ ಬಂದ ಡಿಎನ್‌ಎ ತುಂಡೊಂದು ಸೇರಿಕೊಂಡು ಯಾವ ಕಾಲದಿಂದಲೋ ಬಿಡಾರ ಹೂಡಿದೆ. ಜೀವಕೋಶ ಅದರ ಅಪ್ಪನ ಊರು ಕೇಳಲಿಲ್ಲ, ಹೇಗೋ ಹೊಂದಿಸಿಕೊಂಡು ಹೋಗುತ್ತಿದೆ. ಪಾಪ, ಬೆನ್ನೆಲುಬಿಲ್ಲದ ಪ್ರಾಣಿ, ಅದಕ್ಕೆ ಕಾನೂನು ಎಲ್ಲಿ ಗೊತ್ತಾಗಬೇಕು!

ಕಳೆದ ವಸಂತದಲ್ಲಿ ತಮ್ಮವರು, ನಮ್ಮ ಕಡಲಿನಿಂದ ಕದ್ದು ಸಾಗಿಸುತ್ತಿದ್ದಾರೆಂಬ ಅನುಮಾನದ ಮೇಲೆ, ಬಂದರಿನಲ್ಲಿ ಕಡಲಹೂ ತುಂಬಿದ ತೊಟ್ಟಿಗಳನ್ನು ಹಿಡಿದರಲ್ಲ, ನೆನಪಿದೆಯೇ? ವ್ಯಾಪಾರಿ ಗಟ್ಟಿ ಆಸಾಮಿ. “ಇದು ಕೆಂಪು ಸಮುದ್ರದ ಮಾಲು ಸಾಹೇಬ್ರೇ, ನಿಮ್ಮ ಕಡಲಿಗೂ ಇದಕ್ಕೂ ಸಂಬಂಧಾನೇ ಇಲ್ಲ” ಎಂದು ಸಾಧಿಸುತ್ತಿದ್ದ. ಬಣ್ಣ ಕಳೆದುಕೊಂಡು ಮುದುಡಿದ್ದ ಆ ಜೀವಗಳನ್ನು ಬರಿಗಣ್ಣಿನಲ್ಲಿ ನೋಡಿ ಯಾರೂ ಏನೂ ಹೇಳುವಂತಿರಲಿಲ್ಲ. ತಾವೇ ಫೋನ್ ಮಾಡಿದಿರಿ. “ಡಾಕ್ಟ್ರೇ, ಇವು ನಮ್ಮವೋ ಹೊರಗಿನವೋ, ಬೇಗ ನೋಡಿ ಹೇಳಿ.” ನಾನು ಅವುಗಳ ಮೈಟೊಕಾಂಡ್ರಿಯದ ಜೀನೋಮ್ ಓದಿದೆ. ತಾಯಿಯ ಕಡೆಯಿಂದ ಇವು ನಮ್ಮ ಬಂಡೆಗಳ ಮೇಲೆ ಬೆಳೆಯುವ ಜಾತಿಯವೇ, ಕೆಂಪು ಸಮುದ್ರದವಲ್ಲ ಎಂದೆ. ತಂದೆ ಯಾರೆಂದು ತಾವೂ ಕೇಳಲಿಲ್ಲ, ತಮ್ಮ ಗುಮಾಸ್ತರೂ ಕೇಳಲಿಲ್ಲ.

ಅವುಗಳನ್ನು ಕಡಲಿಗೆ ಬಿಟ್ಟ ದಿನ ಬಕ್ಲಾವ ಸಿಹಿ ಹಂಚಿದಿರಿ. ಕ್ಯಾಮೆರಾಗಳ ಮುಂದೆ ನಿಂತು, “ತಾಯಿ ಇಲ್ಲಿಯವಳಾದ ಮೇಲೆ ಮಕ್ಕಳು ಇನ್ನೆಲ್ಲಿಗೆ ಹೋಗ್ಬೇಕು? ಇದು ಅವುಗಳ ಮನೆ!” ಎಂದು ಗದ್ಗದಿತರಾದಿರಿ. ಆಗ ತಮ್ಮ ಪಕ್ಕದಲ್ಲಿ ಮೊಣಕಾಲುದ್ದ ನೀರಿನಲ್ಲಿ ಬಕೆಟ್ ಹಿಡಿದು ನಿಂತಿದ್ದವಳು ಯಾರು ಗೊತ್ತೇ? ಜುಮಾನಾ. “ಶಭಾಷ್ ಮಗಳೇ” ಎಂದಿದ್ದಿರಿ.

ಅದೇ ಮಗಳು ಮೊನ್ನೆ ನನ್ನೊಂದಿಗೆ ತಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದಳು.

“ಅಪ್ಪ ಯಾವ ದೇಶ?” ಎಂದರು ಗುಮಾಸ್ತರು.

“ಈಜಿಪ್ಟ್.”

“ಹಾಗಿದ್ರೆ ಅಪ್ಪನ ದೇಶಕ್ಕೆ ಹೋಗ್ಬೇಕಮ್ಮ.”

“ಅಪ್ಪ ಅಲ್ಲಿಲ್ಲ ಸರ್. ತೀರಿಕೊಂಡು ಹತ್ತು ವರ್ಷ ಆಯ್ತು. ಇಲ್ಲೇ ಊರಾಚೆ ಗೋರಿಯಲ್ಲಿದಾರೆ.”

“ಅವರ ವಿಷಯ ಬಿಡಮ್ಮ, ಅದು ನಮ್ಮ ವಿಭಾಗಕ್ಕೆ ಬರಲ್ಲ.”

ಗಮನಿಸಿ ನಿರ್ದೇಶಕರೇ, ಈ ಮಣ್ಣಿನೊಳಗೆ ಪರದೇಶದವನಿಗೆ ಕಾಯಂ ಜಾಗವುಂಟು. ಮಣ್ಣಿನ ಮೇಲೆ ಓಡಾಡಲು ಅವನ ಮಗಳಿಗೆ ಅಪ್ಪಣೆಯಿಲ್ಲ.

ಗುಮಾಸ್ತರು ಕೆಟ್ಟವರಲ್ಲ. ನನ್ನ ಮುಖ ನೋಡಿ ಅವರಿಗೇ ಕನಿಕರವಾಯಿತು. ದನಿ ತಗ್ಗಿಸಿ ಹೇಳಿದರು: “ಒಂದು ದಾರಿ ಇದೆ ಡಾಕ್ಟ್ರೇ. ನಮ್ಮ ದೇಶದ ಹುಡುಗ ಯಾರನ್ನಾದ್ರೂ ನೋಡಿ ಮದುವೆ ಮಾಡ್ಬಿಡಿ. ಸ್ವಲ್ಪ ಸಮಯಕ್ಕೆ ಪೌರತ್ವ ಬರುತ್ತೆ. ನಮ್ಮ ಅಕ್ಕನ ಮಗನೇ ಇದಾನೆ, ಮೊಬೈಲ್ ಅಂಗಡಿ ಇಟ್ಕೊಂಡಿದಾನೆ. ಒಳ್ಳೇ ಹುಡುಗ, ಸಿಗರೇಟು ಬಿಟ್ರೆ ಬೇರೆ ಚಟ ಇಲ್ಲ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜುಮಾನಾ ನನ್ನ ಕಡೆ ತಿರುಗಿದಳು. “ಅಮ್ಮಾ, ಆ ಅಂಗಡಿಯವನು ಕೊಡ್ಬಹುದಾದ್ದನ್ನ ನೀನ್ಯಾಕೆ ಕೊಡಕ್ಕಾಗಲ್ಲ?”

ದೇಶವಿದೇಶಗಳ ವಿದ್ವಾಂಸರು ಕೇಳಿದ ಪ್ರಶ್ನೆಗಳಿಗೆ ನಿಂತಲ್ಲೇ ಉತ್ತರ ಕೊಟ್ಟವಳು ನಾನು. ಆ ಕಿಟಕಿಯ ಮುಂದೆ ಮಾತ್ರ ಮಗಳ ಕಾಗದಗಳನ್ನು ಮಡಿಸಿ ಚೀಲಕ್ಕೆ ತುರುಕಿದೆ. ಮಗಳ ಎದುರು ಅವಮಾನವಾಯಿತು. ಈ ಪತ್ರದಲ್ಲಿ ನಾನೆಷ್ಟೇ ತಮಾಷೆ ಮಾಡಲಿ, ಆ ನೋವು ಇನ್ನೂ ಹಾಗೇ ಇದೆ.

“ಕಾನೂನು ನನ್ನ ಕೈಯಲ್ಲಿಲ್ಲ” ಎನ್ನುವಿರಿ. ಇರಲಿ, ಅದನ್ನು ಬದಲಾಯಿಸಬೇಕಾದವರ ಬಾಗಿಲನ್ನೂ ತಟ್ಟುತ್ತೇನೆ. ಆದರೆ ಹೊರಡುವ ಆಜ್ಞೆಗೆ ಸಹಿ ಹಾಕಿದವರು ತಾವು. ಅದನ್ನು ತಾವೇ ಹಿಂತೆಗೆದುಕೊಳ್ಳಿ. ಆಗುವುದಿಲ್ಲವೇ? ಹಾಗಾದರೆ ಒಮ್ಮೆ ನಮ್ಮ ಮನೆಗೆ ಬನ್ನಿ. ಏಲಕ್ಕಿ ಹಾಕಿದ ಕಾಫಿ ಕೊಡುತ್ತೇನೆ. ಕುಡಿದಾದ ಮೇಲೆ ಜುಮಾನಾಳನ್ನು ಎದುರು ಕೂರಿಸಿಕೊಂಡು, ನನ್ನತ್ತ ಕೈ ತೋರಿಸಿ, “ಈಕೆ ನಿನಗೆ ಏನೂ ಆಗಬೇಕಿಲ್ಲ” ಎಂದು ತಮ್ಮ ಬಾಯಿಂದಲೇ ಹೇಳಿ. ಆಮೇಲೆ ಅವಳ ಪೆಟ್ಟಿಗೆಯನ್ನು ನಾನೇ ಕಟ್ಟಿಕೊಡುತ್ತೇನೆ.

ಇಂತಿ,
ಹೆತ್ತರೂ ಲೆಕ್ಕಕ್ಕಿಲ್ಲದ,
ನಿಹಾದ್ ಬಜ್ಜಾನಿ
ಸೂರ್