ಇನ್ನೊಂದು ಕಂಬದ ಮೇಲೆ ಯಾರು?

ಖಾನಾಪುರ
೧೧ ಜೂನ್ ೨೦೨೫

ಚಿ. ಶರ್ವರಿಗೆ ನಿನ್ನ ಅಪ್ಪನ ಆಶೀರ್ವಾದಗಳು. ಜೈ ಜಿನೇಂದ್ರ.

ನಾವಿಲ್ಲಿ ಕ್ಷೇಮ. ಬರೆಯಲು ತಡವಾಯಿತು, ಸಿಟ್ಟಾಗಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು "ಅಪ್ಪಾ, ಊಟ ಆತೇನು?" ಅಂತೀ, ನಾನು "ಆತು" ಅಂತೀನಿ, ಅಲ್ಲಿಗೆ ಮುಗಿಯಿತು.

ಬರುವ ಸೋಮವಾರದಿಂದ ನಮ್ಮ ವಿದ್ಯುತ್ ಸ್ಟೇಷನ್ನಿನ ಲೈನುಗಳನ್ನೆಲ್ಲ ನೀನು ಬೆಳಗಾವಿಯ ಕಂಟ್ರೋಲ್ ರೂಮಿನಲ್ಲಿ ಕುಳಿತೇ ಬಂದ್ ಮಾಡುವೆ, ಚಾಲೂ ಮಾಡುವೆ. ತಂತಿ ಎಲ್ಲಿ ಕಡಿದಿದೆ ಎಂಬುದನ್ನೂ ನಿಮ್ಮ ಸ್ಮಾರ್ಟ್ ಗ್ರಿಡ್ಡೇ ಹೇಳುತ್ತದಂತೆ. ಮೂವತ್ತು ವರ್ಷ ನಾನು ತಿರುಗಿಸಿದ ಹಿಡಿಕೆಗೆ ಇನ್ನು ಕೆಲಸವಿಲ್ಲ. ಹೆಮ್ಮೆಯಿದೆ, ಖರೇ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಆದರೆ ನನಗೆ ಹೆದರಿಕೆಯಾಗಿದೆ.

ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆಸಿ ಕಂಬ ಹತ್ತುವ ಅನುಮತಿ, ಪಡೆದವನ ಹೆಸರು ಮಾತ್ರ ನಿನ್ನ ಪರದೆಯಲ್ಲಿ ಬರುತ್ತದೆ. ಇಲ್ಲಿಯ ಪದ್ಧತಿ ಬೇರೆ. ಮಳೆಗೆ ಕಾಡಿನಲ್ಲಿ ಟೊಂಗೆ ಬಿದ್ದು ಒಬ್ಬ ಅನುಮತಿ ತೆಗೆದುಕೊಂಡರೆ, ಹೇಗೂ ಬಂದ್ ಇದೆಯಲ್ಲ ಎಂದು ಇನ್ನೊಬ್ಬ ಮುಂದಿನ ಕಂಬ ಹತ್ತಿಬಿಡುತ್ತಾನೆ. ಮೊನ್ನೆ ಇದಕ್ಕೇ ಲೈನ್‌ಮನ್ ಬೀರಣ್ಣನನ್ನು ಬೈದೆ. "ಸಾಹೇಬ್ರ, ಎರಡ ಸಲ ಕರೆಂಟ್ ತಗದ್ರ ಮಂದಿ ನಮ್ಮನ್ನ ಬೈತಾರ್ರಿ. ಒಂದ್ರಾಗ ಇಬ್ರೂ ಮುಗಸ್ತೀವಿ" ಎಂದು ನಕ್ಕ. ಆ ಎರಡನೆಯವನು ನಿನ್ನ ಪರದೆಯಲ್ಲಿ ಇರುವುದೇ ಇಲ್ಲ, ಮಗಳೇ.

ಅದಕ್ಕೇ ನನ್ನದೊಂದು ಮಾತು ನಡೆಸಿಕೊಡು. ಇಳಿದೆ ಎಂದು ಒಬ್ಬ ಹೇಳಿದ ಕೂಡಲೇ ಗುಂಡಿ ಒತ್ತಬೇಡ. ಅವನಿಗೆ ಫೋನ್ ಮಾಡಿ "ಮ್ಯಾಲೆ ಇನ್ನ ಯಾರದಾರ?" ಎಂದು ಕೇಳು. ತಡವಾಯಿತೆಂದು ಮೇಲಿನ ಅಧಿಕಾರಿಗಳು ಗದರಿಸಿದರೂ ಕೇಳು. ಮುದುಕನ ಕಿರಿಕಿರಿ ಅಂದುಕೋ, ಆದರೂ ಕೇಳು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಿಂದ ಯಾರಿಗೂ ಕೇಡಾಗದಿರಲಿ.

ನಿನ್ನ ಅಪ್ಪ,
ಪದ್ಮಾಕರ

ತಾ.ಕ.: ನೀನು ಆರು ವರ್ಷದವಳಿದ್ದಾಗ ಲೈನ್‌ಮನ್ ಲಕ್ಷ್ಮಪ್ಪ ಕಾಕಾ ಸಿಡಿಲು ಬಡಿದು ಹೋದನೆಂದು ಹೇಳಿದ್ದೆ. ಊರೂ ಹಾಗೇ ನಂಬಿತು. ಅದು ಸುಳ್ಳು. ಅವನು ಎರಡನೆಯ ಕಂಬದ ಮೇಲಿದ್ದ. ಜೊತೆಗಾರ ಇಳಿದೆ ಎಂದ. ನಾನು ಮತ್ತೇನೂ ಕೇಳದೆ ಚಾಲೂ ಮಾಡಿದೆ. ಅವನ ಹೆಂಡತಿ ಗೌರವ್ವ ನಿನ್ನೆ ಪೇಢೆ ತಂದಿದ್ದಳು. "ಶರ್ವರಿ ಅಲ್ಲಿ ಕುಂತಾಳಂದ್ರ ನಮಗ ಚಿಂತಿಲ್ರೀ. ನಿಮ್ಮ ಮಗಳಲ್ಲೇನ್ರಿ?" ಎಂದು ಕೈಗಿಟ್ಟಳು. ನಾನು ಅವಳೆದುರಿಗೇ ತಿಂದೆ.