ತುಂಡು ಬಟ್ಟೆಯ ಚೀಲಗಳು

ಡಿಸೆಂಬರ್ ೨೦, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಮೂರು ವರ್ಷದಿಂದ ವರ್ಷಾಂತ್ಯದ ರಜೆಗೆ ನಿನಗೆ ಬರುತ್ತಿದ್ದ ಪುಟ್ಟ ಬಟ್ಟೆಚೀಲಗಳನ್ನು ಅಮ್ಮ ಕಳಿಸಿದ್ದಲ್ಲ. ನಾನು ಕಳಿಸಿದ್ದು. ಒಳಗಿದ್ದ ಬಿಸ್ಕತ್ತು, ಕಿತ್ತಳೆ ಸಿಪ್ಪೆಯ ಮಿಠಾಯಿ, ‘ಚೆನ್ನಾಗಿರು, ತಿನ್ನು’ ಎಂಬ ಚೀಟಿ, ಎಲ್ಲವೂ ನನ್ನವೇ. ಇದನ್ನು ಹೇಳದೆ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಶುರುಮಾಡಲು ಕೈ ಬರಲಿಲ್ಲ. ಈಗ ಹೇಳುತ್ತೇನೆ, ಎಲ್ಲರೂ ಕ್ಷೇಮ. ನೀನು, ಭಾವ, ಮಗು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ತಡವಾಗಿದ್ದಕ್ಕೆ ಬೈದುಕೋ. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದೆ.

ನಾನು ಶಾಲೆ ಬಿಟ್ಟ ಕಥೆ ನಿನಗೆ ಗೊತ್ತೇ ಇದೆ. ಗಣಿತದ ಮೇಡಂ ‘ನಾಳೆಯಿಂದಾದ್ರೂ ಗಮನ ಕೊಡ್ತೀಯೇನಮ್ಮ?’ ಎಂದು ಕೇಳಿದರು. ‘ಇಲ್ಲ ಮೇಡಂ, ಆಗಲ್ಲ’ ಎಂದೆ. ಬಾಯಿಮಾತಿಗೂ ಒಂದು ಸುಳ್ಳು ಹೇಳಲಾಗದ ನಾನು ಮೂರು ವರ್ಷ ಅಮ್ಮನ ಕೈಬರಹ ಕದ್ದೆ. ಅವಳ ಹೊಲಿಗೆಯ ಅಳತೆ ಪುಸ್ತಕದಲ್ಲಿ ‘ತೋಳು, ಸೊಂಟ, ಉದ್ದ’ ಬಿಟ್ಟು ಬೇರೆ ಮಾತುಗಳೇ ಇರಲಿಲ್ಲ. ಅದನ್ನೇ ನೋಡಿ ತಿದ್ದಿ ಕಲಿತೆ. ಅದಕ್ಕೇ ಚೀಟಿಗಳು ಅಷ್ಟು ಚಿಕ್ಕವು.

ನೀನು ಅಮ್ಮನ ಮಾತು ಮೀರಿ ಭಾವನ ಜೊತೆ ಹೋದ ವರ್ಷವೂ ಅಮ್ಮ ಎಂದಿನಂತೆ ರಜೆಯ ಚೀಲ ಹೊಲಿಯಲು ಕೂತಳು. ಅವಳ ಕ್ರಮ ನಿನಗೆ ಗೊತ್ತಲ್ಲ, ಆ ವರ್ಷ ಯಾರಿಗೆ ಏನು ಹೊಲಿದಳೋ ಅದರಲ್ಲಿ ಮಿಕ್ಕ ತುಂಡಿನಲ್ಲೇ ಅವರ ಚೀಲ. ಅಂಚೆಯಣ್ಣನಿಗೆ ಖಾಕಿ, ಡಾಕ್ಟರ ಹೆಂಡತಿಗೆ ಹಸಿರು ವೆಲ್ವೆಟ್, ಕೆಳಮನೆ ಅಜ್ಜನಿಗೆ ಪಟ್ಟೆ ಪಟ್ಟೆ ಪೈಜಾಮ. ಚೀಲದ ಮೇಲೆ ಹೆಸರು ಬರೆಯುವ ಗೊಡವೆಯೇ ಇಲ್ಲ. ನಾನು ಸುಮ್ಮನಿರಲಾಗದೆ ಕೇಳಿದೆ.

‘ಅಮ್ಮ, ಅಕ್ಕನಿಗೆ?’

‘ಯಾವ ಬಟ್ಟೇಲಿ ಹೊಲೀಲಿ? ಅವಳದ್ದೇನೂ ಈ ವರ್ಷ ನನ್ನ ಮೆಷಿನ್ ಮೇಲೆ ಬಂದಿಲ್ಲ.’

ಅಷ್ಟು ಹೇಳಿದಳು. ಕಾಲು ಪೆಡಲ್ ಮೇಲೆ ಆಡುತ್ತಲೇ ಇತ್ತು. ನಾನು ಒಳಗೆ ಹೋಗಿ ಟ್ರಂಕ್ ತೆಗೆದು, ನಿನ್ನ ಕೆಂಪು ಫ್ರಾಕಿನ ಅಂಚನ್ನು ಕತ್ತರಿಸಿದೆ. ಮರುವರ್ಷ ನೀಲಿ ಲಂಗ. ಹೋದ ವರ್ಷ ನಿನ್ನ ಶಾಲೆಯ ಯೂನಿಫಾರಂ. ಮಿಠಾಯಿಯನ್ನು ನಾನು ಕೆಲಸ ಮಾಡುವ ಬೇಕರಿಯಲ್ಲೇ ಮಾಡಿದೆ. ಕಹಿ ಹೋಗಲು ಸಿಪ್ಪೆಯನ್ನು ಮೂರು ಸಲ ನೀರು ಬದಲಿಸಿ ಬೇಯಿಸಬೇಕು ಎಂದು ಆಗ ನನಗೆ ತಿಳಿದಿರಲಿಲ್ಲ. ‘ಅಮ್ಮ, ಈ ಸಲ ಯಾಕೋ ಕಹಿ ಇತ್ತು, ನಿನ್ನ ಮೈ ಸರಿ ಇದೆ ತಾನೆ?’ ಎಂದು ನೀನು ಬರೆದಿದ್ದೆ. ನಕ್ಕು ನಕ್ಕು ಹಿಟ್ಟಿನ ಮೂಟೆಯ ಮೇಲೆ ಬಿದ್ದೆ. ನಿನ್ನ ಕಾಗದಗಳನ್ನೂ ಅಂಚೆಯಣ್ಣನಿಗೆ ಹೇಳಿ ಬೇಕರಿಯಲ್ಲೇ ತೆಗೆದುಕೊಳ್ಳುತ್ತಿದ್ದೆ. ಒಂದೂ ಅಮ್ಮನ ಕೈಗೆ ಹೋಗಿರಲಿಲ್ಲ. ಅದೂ ತಪ್ಪೇ.

ಈ ಸಲ ನೀನು ಅಮ್ಮನಿಗೆ ‘ಇಪ್ಪತ್ತಾರಕ್ಕೆ ಮೂವರೂ ಬರುತ್ತೇವೆ. ನನ್ನ ಫ್ರಾಕನ್ನು ಇಷ್ಟು ವರ್ಷ ಇಟ್ಟುಕೊಂಡವಳು ಬಾಗಿಲು ತೆಗೆಯದೆ ಇರುತ್ತೀಯಾ?’ ಎಂದು ಬರೆದೆ. ನನ್ನ ಸುಳ್ಳನ್ನು ನಂಬಿ ಮಗು ಎತ್ತಿಕೊಂಡು ಬಂದು ನೀನು ಬಾಗಿಲಲ್ಲಿ ನಿಂತರೆ, ಅಮ್ಮ ಮುಖ ತಿರುಗಿಸಿದರೆ?

ಅಮ್ಮನಿಗೆ ಹೇಳಬೇಕು ಎಂದು ದಿನಾ ಬಾಯಿ ತೆರೆಯುತ್ತಿದ್ದೆ, ದಿನಾ ಮುಚ್ಚುತ್ತಿದ್ದೆ. ಶುಕ್ರವಾರ ಬೇಕರಿಯಿಂದ ಬಂದಾಗ ಟ್ರಂಕ್ ತೆರೆದು ಅವಳು ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ನಿನ್ನ ಬಟ್ಟೆ, ಪಕ್ಕದಲ್ಲಿ ಹೊಸ ನುಸಿಗುಳಿಗೆಯ ಪೊಟ್ಟಣ. ಪ್ರತಿ ವರ್ಷವೂ ಗುಳಿಗೆ ಬದಲಾಯಿಸುತ್ತಾಳಂತೆ, ಬಟ್ಟೆ ಬಿಡಿಸಿ ನೋಡಿದ್ದು ಈ ಸಲವೇ.

‘ಏನೇ ಇದು? ಇಲಿ ಕತ್ತರಿ ಹಿಡ್ಕೊಂಡು ಬಂದಿತ್ತಾ?’

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ನಿನ್ನ ಕಾಗದಗಳನ್ನು ತಂದು ಮುಂದಿಟ್ಟೆ. ಅವಳು ಅತ್ತಳು ಎಂದು ಬರೆದರೆ ನಿನಗೆ ಸಮಾಧಾನವಾದೀತು. ಅಳಲಿಲ್ಲ. ಮೊದಲು ಕೇಳಿದ್ದು ಇದು:

‘ಚೀಲ ಹೊಲಿದಿದ್ದು ಯಾರು?’

‘ನಾನೇ.’

‘ಹಾವು ಹರಿದ ಹಾಗೆ ಹೊಲೀತೀಯ ನೀನು. ಅದನ್ನ ನೋಡಿ ನಾನು ಹೊಲಿದಿದ್ದು ಅಂದ್ಕೊಂಡ್ಲಾ ಅವಳು? ಮೂರು ವರ್ಷ? ನನ್ನ ಹೊಟ್ಟೇಲಿ ಹುಟ್ಟಿದವಳು?’

ಆ ಸಿಟ್ಟು ಇನ್ನೂ ಇಳಿದಿಲ್ಲ, ಎಚ್ಚರಿಕೆ. ಆಮೇಲೆ ಕನ್ನಡಕ ಹಾಕಿಕೊಂಡು ಕಾಗದಗಳನ್ನು ಒಂದೊಂದಾಗಿ ಓದಿದಳು. ನಾನು ಅನ್ನಕ್ಕಿಟ್ಟೆ, ಅನ್ನ ಸೀದುಹೋಯಿತು, ಇಬ್ಬರೂ ಅದನ್ನೇ ತಿಂದೆವು. ಕೈ ತೊಳೆಯುವಾಗ ‘ಮಗುಗೆ ಎಷ್ಟು ತಿಂಗಳು?’ ಎಂದಳು.

‘ಎಂಟು.’

‘ದಪ್ಪನಾ, ಸಣ್ಣನಾ?’

‘ನಂಗೇನು ಗೊತ್ತಮ್ಮ? ನಾನೂ ನೋಡಿಲ್ಲ.’

ನಿನ್ನೆ ಬೆಳಗ್ಗೆ ಕೆಳಮನೆಯ ಮಗುವನ್ನು ಎತ್ತಿಕೊಂಡು ಬಂದು ಟೇಪು ಹಿಡಿದಳು. ಅದು ಟೇಪನ್ನೇ ಬಾಯಿಗಿಟ್ಟುಕೊಂಡಿತು. ಹಳದಿ ಹತ್ತಿ ಬಟ್ಟೆ ತಂದು ಮಧ್ಯಾಹ್ನದೊಳಗೆ ಅಂಗಿ ಮುಗಿಸಿದಳು. ಮಿಕ್ಕ ತುಂಡಿನಲ್ಲಿ ಒಂದು ಚೀಲ. ಆ ತುಂಡು ಉಳಿಯಲಿ ಎಂದೇ ಅಂಗಿ ಹೊಲಿದಳೇನೋ, ಕೇಳುವ ಧೈರ್ಯ ನನಗಾಗಲಿಲ್ಲ. ಹಲ್ಲು ಬಾರದ ಮಗುವಿಗೆ ಬಾಯಲ್ಲಿಟ್ಟರೆ ಕರಗುವಂಥ ಹಾಲಿನ ಬಿಸ್ಕತ್ತನ್ನು ತಾನೇ ಲಟ್ಟಿಸಿದಳು. ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ.

‘ಅಕ್ಕನಿಗೆ ಏನು ಬರೀಲಿ?’ ಎಂದೆ.

‘ಅಳತೆ ಇಲ್ದೆ ಹೊಲಿದಿದ್ದು. ತೋಳು ಬಿಗಿಯಾದ್ರೆ ತಂದು ತೋರಿಸ್ಲಿ.’

‘ಬಾ ಅಂತ ಬರೀಲಾ?’

‘ನಾನು ಹೇಳಿದಷ್ಟು ಬರಿ.’

ಅವಳು ಹೇಳಿದಷ್ಟನ್ನು ಬರೆದಿದ್ದೇನೆ. ಅದರ ಅರ್ಥವನ್ನು ನಾನು ಹೇಳುವುದಿಲ್ಲ. ಮೂರು ವರ್ಷ ಅವಳ ಪರವಾಗಿ ಮಾತಾಡಿದ್ದು ಸಾಕು. ಇದರ ಜೊತೆಗಿರುವ ಅಂಗಿ ಮತ್ತು ಚೀಲ ಮಗುವಿಗೆ. ನಿನಗೆ ಈ ಸಲ ಚೀಲ ಇಲ್ಲ ಅಕ್ಕ. ಅವಳು ಹೊಲಿಯಲಿಲ್ಲ, ನಾನೂ ಹೊಲಿಯಲಿಲ್ಲ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ನಾನಾಗಿದ್ದರೆ ತೋಳು ಸಡಿಲವಿದ್ದರೂ ಬರುತ್ತಿದ್ದೆ.

ಭಾವನಿಗೆ ನಮಸ್ಕಾರ. ಮಗುವಿಗೆ ಈ ಚಿಕ್ಕಮ್ಮನ ನೂರು ಮುತ್ತು. ನೂರು ವರ್ಷ ಬಾಳಲಿ, ಹಟದಲ್ಲಿ ಮಾತ್ರ ನಮ್ಮ ಮೂವರನ್ನೂ ಹೋಲದಿರಲಿ.

ನಿನ್ನ ತಂಗಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದಿದ್ದೆ. ನಿನ್ನ ಕಾಗದಗಳಲ್ಲಿ ಅಮ್ಮನ ಮೊಣಕಾಲು, ಮೆಷಿನ್ನು, ಕೆಳಮನೆ ಅಜ್ಜನ ಕೆಮ್ಮು ಎಲ್ಲವನ್ನೂ ವಿಚಾರಿಸಿದ್ದೀಯ. ‘ತಂಗಿ ಹೇಗಿದ್ದಾಳೆ’ ಎಂದು ಒಂದು ಸಾಲಿಲ್ಲ. ನನ್ನ ಕೈಗೇ ಬರುತ್ತಿದ್ದ ಕಾಗದವಲ್ಲವಾ, ಪ್ರತಿ ಸಲವೂ ಮೊದಲು ಕೊನೆಯ ಪುಟ ತಿರುಗಿಸಿ ಹುಡುಕುತ್ತಿದ್ದೆ. ನೀನು ಮನೆ ಬಿಡುವ ದಿನ, ಭಾವನ ಜೊತೆ ಹೊರಟಿದ್ದೀಯ ಎಂದು ನಾನು ಅಮ್ಮನಿಗೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ ಎಂಬ ಕೋಪ ಇನ್ನೂ ಇದೆಯೇನೋ. ಅವಳು ಕೇಳಿದಳು, ನಾನು ಹೇಳಿದೆ. ಇಪ್ಪತ್ತಾರಕ್ಕೆ ನೀನು ಬಂದರೆ ನಾನು ಮನೆಯಲ್ಲಿರುವುದಿಲ್ಲ. ಬೇರೆ ಊರಿನ ದೊಡ್ಡ ಬೇಕರಿಯಲ್ಲಿ ಕೇಕ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ, ಅಮ್ಮನಿಗೂ ಹೇಳಿದ್ದೇನೆ. ನಾಳೆ ಬೆಳಗ್ಗೆ ಆರೂವರೆಯ ಬಸ್ಸಿಗೆ ಹೊರಡುತ್ತೇನೆ.